ಒಂದು ಕಡೆಯದೋ, ಎರಡೂ ಕಡೆಯದೋ

ಆರಿನ್ ಲಿಂಡ್‌ವಾಲ್ ಇವತ್ತು ಬಾಯಿ ತೆರೆಯದಿದ್ದರೆ ಸಾಕು ಎಂದು ಮಾರಿತ್ ಬೆಳಗಿನಿಂದ ಬೇಡಿಕೊಳ್ಳುತ್ತಿದ್ದಳು. ತೆರೆಯದೇ ಹೋದರೆ ಏನು ಗತಿ ಎಂಬ ಹೆದರಿಕೆಯೂ ಅಷ್ಟೇ ಇತ್ತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಎದೆ ಹೀಗೆ ಹೊಡೆದುಕೊಳ್ಳುವುದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು.

ಗಂಡಂದಿರ ಏಟು ತಾಳಲಾರದೆ ಓಡಿಬಂದ ಹದಿನೇಳು ಹೆಂಗಸರು ಅವಳ ಆಶ್ರಯಮನೆಯಲ್ಲಿದ್ದರು. ಕಟ್ಟಡ ಕೌಂಟಿ ಆಡಳಿತದ್ದು, ಮುಚ್ಚಿದ ಹಳೇ ಶಾಲೆ. ಅದನ್ನು ಇನ್ನೂ ಹತ್ತು ವರ್ಷ ಬಿಟ್ಟುಕೊಡಬೇಕೋ, ಹೋಟೆಲಿನವರಿಗೆ ಮಾರಬೇಕೋ ಎಂದು ಇವತ್ತು ಮತ ಹಾಕುವವರಿದ್ದರು. ಕೌಂಟಿ ಮಂಡಳಿಯಲ್ಲಿ ಐದು ಜನ ಸದಸ್ಯರು. ಇಬ್ಬರು ಇತ್ತ, ಇಬ್ಬರು ಅತ್ತ. ಐದನೆಯವರು ಆರಿನ್. ಸಮಸಮವಾದರೆ ಕಟ್ಟಡ ಹೋದಂತೆಯೇ.

ಮೂವತ್ತು ವರ್ಷ ಕಾಗದ ತಯಾರಿಸುವ ಕಂಪನಿ ನಡೆಸಿದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಆಸ್ತಿಯ ಬಹುಪಾಲನ್ನು ಆಸ್ಪತ್ರೆಗೆ, ಲೈಬ್ರರಿಗಳಿಗೆ ಕೊಟ್ಟು, ಚುನಾವಣೆಗೆ ನಿಂತು, ಈ ಮರದ ಕುರ್ಚಿಗೆ ಬಂದಿದ್ದರು. ಚಳಿಗಾಲದ ಪ್ರತಿ ಶನಿವಾರ ಆಶ್ರಯಮನೆಯ ಮೆಟ್ಟಿಲ ಹಿಮವನ್ನು ತಾವೇ ತೆಗೆಯುತ್ತಿದ್ದರು.

"ಕಂಪನಿ ನಡೆಸಿದವರಿಗೆ ಸಲಿಕೆ ಹಿಡಿಯೋಕೂ ಬರುತ್ತಾ?" ಎಂದು ಅವಳು ಕೆಣಕಿದ್ದಳು.

"ಇದೇ ಕಷ್ಟ. ಇಲ್ಲಿ ಬೈಯೋಕೆ ಕೈಕೆಳಗೆ ಯಾರೂ ಇಲ್ಲ."

ಹಾಗೆಂದು ಅವರು ಅವಳನ್ನೇ ನೋಡಿದ್ದರು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಅವಳು ಎಡಗೈ ಗ್ಲೌಸನ್ನು ಬಲಗೈಗೆ ಹಾಕಿಕೊಳ್ಳಲು ಹೆಣಗಿದ್ದಳು. ಅಷ್ಟೇ. ಅದಕ್ಕಿಂತ ಹೆಚ್ಚು ಇಬ್ಬರೂ ಏನೂ ಆಡಿರಲಿಲ್ಲ.

ಅಧ್ಯಕ್ಷೆ ಬರ್ನಿಸ್ ಮತಕ್ಕೆ ಮುಂಚಿನ ಮಾಮೂಲಿ ಪ್ರಶ್ನೆ ಓದಿದರು. "ಈ ವಿಷಯದಲ್ಲಿ ಯಾರಿಗಾದ್ರೂ ಸ್ವಂತ ಸಂಬಂಧ ಇದೆಯಾ?" ಆ ಪ್ರಶ್ನೆಗೆ ಇಲ್ಲಿ ಯಾರೂ ಯಾವತ್ತೂ ಉತ್ತರ ಕೊಟ್ಟವರಲ್ಲ.

ಆರಿನ್ ಎದ್ದು ನಿಂತರು.

"ನನಗೆ ಮಾರಿತ್ ಅಂದ್ರೆ ಇಷ್ಟ. ಅವರಿಗೆ ಹೇಳಿಲ್ಲ. ಮುಚ್ಚಿಟ್ಟು ಮತ ಹಾಕೋದು ಸರಿಯಲ್ಲ."

ಸಭೆಯಲ್ಲಿ ಯಾರೋ ಕೆಮ್ಮಿದರು. ಕೌಂಟಿ ವಕೀಲ ನಿಯೆಮಿ ನಿಯಮದ ಪುಸ್ತಕ ತಿರುವಿ ಹಾಕಿದ. "ಇಷ್ಟ ಒಂದು ಕಡೆಯದ್ದಾದ್ರೆ ಇಲ್ಲಿನ ನಿಯಮದಲ್ಲಿ ಅಡ್ಡಿ ಇಲ್ಲ, ಮತ ಹಾಕಬಹುದು. ಎರಡೂ ಕಡೆಯದ್ದಾದ್ರೆ ಮತ ಹಾಕದೆ ಹೊರಗೆ ಹೋಗ್ಬೇಕು. ಮೇಡಂ, ನೀವು ಹೇಳಿ. ದಾಖಲೆಗೆ ಬೇಕು."

ಎಲ್ಲರೂ ಅವಳ ಕಡೆ ತಿರುಗಿದರು. ಆರಿನ್ ಕೂಡ. ಅವರ ಮುಖದಲ್ಲಿ ಅಷ್ಟು ಆಸೆಯಿತ್ತು, ಅಷ್ಟೇ ಭಯವೂ. ಇಷ್ಟು ದೊಡ್ಡ ಮನುಷ್ಯನೂ ಹೀಗೆ ಹೆದರುತ್ತಾನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೌದು ಎನ್ನಬೇಕೆಂದು ಅವಳ ಜೀವವೆಲ್ಲ ಬಡಿದುಕೊಂಡಿತು. ಹಿಂದಿನ ಸಾಲಿನಲ್ಲಿ ಆಶ್ರಯಮನೆಯ ರಮೋನಾ, ಮುರಿದ ಮಣಿಕಟ್ಟಿನವಳು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ಇಲ್ಲ," ಎಂದಳು ಮಾರಿತ್. "ನನ್ನ ಕಡೆಯಿಂದ ಏನೂ ಇಲ್ಲ."

ಆರಿನ್ ತಲೆಯಾಡಿಸಿ ಕುಳಿತರು. ಮತ ಬಿದ್ದದ್ದು ಮೂರಕ್ಕೆ ಎರಡು. ಕಟ್ಟಡ ಉಳಿಯಿತು. ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತರು. ಅವಳೂ ಅತ್ತಳು, ಕಾರಣ ಬೇರೆ.

ಕಾರಿಡಾರಿನಲ್ಲಿ ಅವರೇ ಹತ್ತಿರ ಬಂದರು. "ನಿಮಗೆ ಮುಜುಗರ ಮಾಡಿಬಿಟ್ಟೆ. ಕ್ಷಮಿಸಿ."

"ನಿಮ್ಮ ಅವಧಿ ಯಾವಾಗ ಮುಗಿಯುತ್ತೆ?"

"ಇನ್ನೆರಡು ವರ್ಷ. ಯಾಕೆ?"

ಅವಳು ಎಡಗೈ ಗ್ಲೌಸನ್ನು ಮತ್ತೆ ಬಲಗೈಗೆ ತೂರಿಸತೊಡಗಿದಳು. ಅವರು ಮತ್ತೆ ಏನೋ ಕೇಳಲು ಬಾಯಿ ತೆರೆದರು.

"ಕೇಳ್ಬೇಡಿ," ಎಂದಳು ಮಾರಿತ್. "ಕೇಳಿದ್ರೆ ನಿಜ ಹೇಳಿಬಿಡ್ತೀನಿ."