ಉಪ್ಪಿಲ್ಲದ ಉಪ್ಪು

"ಒಬ್ಬ ಮಗನ್ನ ಮಣ್ಣು ಮಾಡಿ ಬಂದೇನಿ. ಇನ್ನೊಬ್ಬ ಮಗ ಸೊಸಿನ್ನ ಗಲ್ಲಿಗೆ ಕಳಸಾಕ ನಿಂತಾನ. ನೀವರ ಏನರ ಮಾಡ್ರಿ ಡಾಕ್ಟ್ರ," ಎಂದು ಮುದುಕಿ ಶಿವಗಂಗವ್ವ ಹಳಿಯಾಳದ ಧರ್ಮಾಸ್ಪತ್ರೆಯ ಕಟ್ಟೆಯ ಮೇಲೆ ಕುಸಿದು ಕೂತಳು. ಅದನ್ನು ಕೇಳಿ ನರ್ಸ್ ಗೋದುಬಾಯಿಗೆ ಸಿಟ್ಟು ನೆತ್ತಿಗೇರಿತು.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮುದುಕಿಯ ಹಿರಿಯ ಮಗ ಶೇಖಪ್ಪ ಅಂಬೇವಾಡಿಯಲ್ಲಿ ಒಬ್ಬ ಕಂತ್ರಾಟುದಾರನ ಮರದ ಡಿಪೋದಲ್ಲಿ ಆಳುಗಳ ಮೇಲಿನ ಮುಕಾದಮನಾಗಿದ್ದ. ಹಿಂದಿನ ವಾರ ಅವನನ್ನು ಆಸ್ಪತ್ರೆಗೆ ತಂದಾಗ ತುಟಿ ನೀಲಿಗಟ್ಟಿತ್ತು, ಎಚ್ಚರ ತಪ್ಪಿತ್ತು. ಮೂತ್ರ ಮೊದಲು ಕರೀ ಕಷಾಯದ ಹಾಗೆ ಹೋಗಿ ಆಮೇಲೆ ಪೂರ್ತಿ ನಿಂತೇಹೋಯಿತು. ಅವನು ಉಳಿಯಲಿಲ್ಲ.

ಪಾಷಾಣ ಹಾಕಿದ್ದಾರೆ ಎಂದರು ಫೌಜದಾರರು. ಒಂದೇ ಗಡಿಗೆಯ ಅಡುಗೆ ಉಂಡ ತಾಯಿಗೂ ಹೆಂಡತಿಗೂ ಏನೂ ಆಗಿರಲಿಲ್ಲ. ಅಂದಮೇಲೆ ತಾಟಿಗೆ ಬಡಿಸಿದ ಹೆಂಡತಿ ಶಂಕ್ರವ್ವನೇ ಹಾಕಿರಬೇಕು! ಗಂಡ ಹೆಂಡತಿ ಜಗಳಾಡುತ್ತಿದ್ದರೆಂದು ಮೈದುನ ಲಗಮಪ್ಪ ಹೇಳಿಕೆಯನ್ನೂ ಕೊಟ್ಟ. ಶಂಕ್ರವ್ವನನ್ನು ಪೊಲೀಸರು ಕರೆದೊಯ್ಯುವಾಗ ಸಾಲುಮನೆಯ ಹೆಂಗಸರು ಅವಳೆದುರೇ ಉಗುಳಿದರಂತೆ. ಜಗಳಾಡದ ಗಂಡ ಹೆಂಡತಿ ಯಾವ ಊರಿನಲ್ಲಿದ್ದಾರೆ? ಅಷ್ಟಕ್ಕೇ ಕೊಲೆಗಾತಿ ಎನ್ನುವುದಾದರೆ ಅರ್ಧ ಜಿಲ್ಲೆ ಜೈಲಿನಲ್ಲಿರಬೇಕಿತ್ತು ಎಂದುಕೊಂಡು ಗೋದುಬಾಯಿ ಹಲ್ಲು ಕಚ್ಚಿದಳು.

ನಾಗಲಿಂಗಪ್ಪ ಡಾಕ್ಟರು ಎದ್ದು ಒಳಗಿನಿಂದ ಒಂದು ಗಾಜಿನ ನಳಿಗೆ ತಂದರು. ಆಸ್ಪತ್ರೆಯ ಹಿತ್ತಲಲ್ಲಿ ಅವರ ಮೊಲದ ಗೂಡುಗಳಿದ್ದವು. ರಕ್ತದ ಕಣಗಳು ಹೇಗೆ ಕೆಡುತ್ತವೆ, ಕೆಟ್ಟಾಗ ಮೂತ್ರಪಿಂಡ ಏಕೆ ನಿಲ್ಲುತ್ತದೆ ಎಂಬುದು ಅವರ ಬಹುದಿನದ ಸಂಶೋಧನೆ. ಮೊಲದ ಡಾಕ್ಟರೆಂದು ಊರು ನಗುತ್ತಿತ್ತು. ಆದರೆ ಬಿಡಿಸಲಾಗದ ಸಾವು ಬಂದಾಗ ಫೌಜದಾರರು ಬಂದು ನಿಲ್ಲುತ್ತಿದ್ದದ್ದು ಆ ಹಿತ್ತಲಲ್ಲೇ.

ಅವರು ಅಂದೇ ತೆಗೆದಿಟ್ಟಿದ್ದ ಶೇಖಪ್ಪನ ರಕ್ತದ ನಳಿಗೆಯನ್ನು ಗೋದುಬಾಯಿಯ ಕಣ್ಣೆದುರು ಕುಲುಕಿದರು. ಗಾಳಿ ಬೆರೆತರೂ ರಕ್ತ ಕೆಂಪಾಗಲಿಲ್ಲ, ಕಂದು ಬಣ್ಣದಲ್ಲೇ ಉಳಿಯಿತು.

"ಇದು ಪಾಷಾಣದ ಕೆಲಸ ಅಲ್ಲ ಬಾಯಾರ. ರಕ್ತದಾಗಿನ ಕಬ್ಬಿಣಕ್ಕ ತುಕ್ಕು ಹಿಡದಂಗ ಆಗೇತಿ. ಕಣ ಒಡದು, ಒಡದದ್ದು ಹೋಗಿ ಮೂತ್ರಪಿಂಡದ ಸಣ್ಣ ನಾಳ ಕಟ್ಟೇತಿ. ಮೊಲಕ್ಕ ಕ್ಲೋರೇಟ್ ಕೊಟ್ಟಾಗ ಹಿಂಗ ಆಗಿತ್ತು."

"ಅದು ಯಾರ ಹಂತೇಕ ಇರತೈತ್ರಿ?"

"ಡಿಪೋದಾಗ ರೈಲ ಹಳಿ ನಡುವಿನ ಹುಲ್ಲು ಸುಡಾಕ ಹಾಕ್ತಾರ. ಬಿಳೇ ಹರಳು. ನಾಲಿಗಿಗೆ ಉಪ್ಪುಪ್ಪು." ಡಾಕ್ಟರು ಮುದುಕಿಯ ಕಡೆ ತಿರುಗಿದರು. "ಯಮ್ಮಾ, ಆ ದಿನ ಏನು ಉಂಡಾನ, ನೆನಪ ಮಾಡಿ ಹೇಳ್ರಿ."

"ಶ್ರಾವಣ ಸೋಮವಾರ ರೀ. ನಾವು ಅತ್ತಿಸೊಸಿ ಉಪ್ಪು ಮುಟ್ಟಂಗಿಲ್ಲ. ಅಡಗಿ ಸಪ್ಪಗ ಮಾಡಿದ್ವಿ, ಅಂವ ತಾಟಿನ ಬದಿಗೆ ಉಪ್ಪು ಹಾಕ್ಕೊಂತಿದ್ದ. ದೀಪ ಹಚ್ಚಿ ಉಣ್ಣಾಕ ಕುಂತ ಮ್ಯಾಲೆ ನೋಡಿದ್ರ ಉಪ್ಪು ತೀರಿತ್ತು. ವಾಟಗಾ ಹಿಡಕೊಂಡು ಹೋಗಿ ಎಲ್ಲಿಂದೋ ತಂದ. ಈ ಉಪ್ಪಿನಾಗ ಉಪ್ಪ ಇಲ್ಲ ಅಂತ ಮತ್ತ ಮತ್ತ ಕಲಿಸಿಕೊಂಡ. ಉಳದದ್ದು ಮರುದಿನ ತನ್ನ ಮಜ್ಜಿಗಿಗೆ ಹಾಕಿ ಮುಗಿಸಿದ."

"ಅಂವಗ ಆಗದವರು ಯಾರರ ಇದ್ರೇನು?"

"ಯಾರೂ ಇಲ್ರಿ. ಡಿಪೋದಾಗ ದಿಮ್ಮಿ ಉರುಳಿ ಹಮಾಲ ಒಬ್ಬ ಸತ್ತನಲ್ಲ, ಕೋರ್ಟಿನಾಗ ಅದರ ಸಾಕ್ಷಿ ಹೇಳಾವಿದ್ದ. ಸಡಿಲಾದ ರಾಶಿ ಕೆಳಗ ಆಳು ಇಳಿಸಿದಾಂವ ಯಾರು ಅನ್ನೂದನ್ನ ಅಲ್ಲೇ ಹೇಳ್ತೇನಿ ಅಂತಿದ್ದ."

ಮರುದಿನ ಡಾಕ್ಟರ ಮಾತಿನಂತೆ ಫೌಜದಾರರು ಎಲ್ಲರನ್ನೂ ಅಂಬೇವಾಡಿಯ ಸಾಲುಮನೆಯ ಅಂಗಳದಲ್ಲಿ ಸೇರಿಸಿದರು. ಶಂಕ್ರವ್ವ ಪೊಲೀಸರ ನಡುವೆ ತಲೆ ಎತ್ತಿಯೇ ನಿಂತಿದ್ದಳು. ಲಗಮಪ್ಪ ಅವಳತ್ತ ನೋಡಲಿಲ್ಲ. ಎದುರು ಮನೆಯ ಕಾಶೆವ್ವ ಸೆರಗಿನಿಂದ ಬಾಯಿ ಮುಚ್ಚಿ ಕೂತಿದ್ದಳು. ಡಿಪೋದ ಕಾರಕೂನ ಅಡಿವೆಯ್ಯನೂ ಬಂದಿದ್ದ. ಅವನು ಒಂಟಿ, ಸಾಲಿನ ತುದಿಯ ಕೋಣೆಯಲ್ಲಿ ವಾಸ, ಖಾನಾವಳಿಯಲ್ಲಿ ಊಟ.

"ಸೋಮವಾರ ಸಂಜೀಕ ಶೇಖಪ್ಪಗ ಉಪ್ಪು ಕೊಟ್ಟವರು ಯಾರು?" ಎಂದು ಡಾಕ್ಟರು ಕೇಳಿದರು.

"ನಮ್ಮ ಮನಿಗೆ ಬಂದಿದ್ದ. ನನ್ನ ಹೆಂಡ್ತಿ ಕೊಡಲಿಲ್ಲ," ಎಂದ ಲಗಮಪ್ಪ.

ಕಾಶೆವ್ವ ಬಾಯಿ ತೆರೆಯುವ ಮೊದಲೇ ಅಡಿವೆಯ್ಯ ಹೇಳಿದ. "ಕಾಶೆವ್ವ ಕೊಟ್ಟಳಲ್ರಿ. ನನ್ನ ಬಾಗಿಲಾಗ ನಿಂತು ನೋಡೇನಿ. ವಾಟಗಾ ತುಂಬ ಸುರದ್ಲು."

ಕಾಶೆವ್ವ ಎದ್ದು ನಿಂತಳು. "ದೀಪ ಹಚ್ಚಿದ ಮ್ಯಾಲೆ ಉಪ್ಪು ಹೊರಗ ಕೊಡಾಕ ನನಗೇನು ಹುಚ್ಚು ಹಿಡದೈತೇನು? ಬೆಳಿಗ್ಗೆ ಬಾರಪಾ ಅಂತ ಬರಿಗೈಲೆ ಕಳಿಸಿದೆ. ಹಂಗ ಕಳಿಸಿದಾಂವ ಸತ್ತನಲ್ಲ ಅನ್ನೂ ಸಂಕಟಕ್ಕ ಇಷ್ಟ ದಿನ ಬಾಯಿ ಬಿಟ್ಟಿಲ್ಲ."

ಸಾಲಿನ ಹೆಂಗಸರೆಲ್ಲ ಹೌದೆಂದರು. ದೀಪ ಹಚ್ಚಿದ ಮೇಲೆ ಉಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ. ಅದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಅಡಿವೆಯ್ಯಾವರ," ಎಂದರು ಡಾಕ್ಟರು, "ಸುಳ್ಳು ಹೇಳೂದಾದ್ರೂ ಸಂಸಾರ ಮಾಡಿದವರನ್ನ ಕೇಳಿ ಹೇಳಬೇಕಿತ್ತು. ಒಲಿ ಇದ್ದ ಯಾವ ಮನಿಯವರೂ ಆ ಹೊತ್ತಿನಾಗ ಉಪ್ಪು ಕೊಡೂದಿಲ್ಲ. ಎಲ್ಲಾರೂ ಇಲ್ಲ ಅಂದ ಮ್ಯಾಲೆ ಅಂವ ಕಡೀಕ ಒಲಿ ಇಲ್ಲದ ಕೋಣಿಗೆ ಬಂದ. ರಾಶಿ ಕೆಳಗ ಆಳು ಇಳಿಸಿದ್ದು ಕೋರ್ಟಿನಾಗ ಹೊರಬೀಳತೈತಂತ, ಸಾಕ್ಷಿಯ ಬಾಯಿ ಹೆಂಗ ಮುಚ್ಚಿಸಬೇಕು ಅಂತ ನೀವು ಒದ್ದಾಡತಿದ್ರಿ. ಅಂವ ತಾನ ವಾಟಗಾ ಹಿಡದು ನಿಮ್ಮ ಬಾಗಿಲಿಗೆ ಬಂದ. ಖಾನಾವಳ್ಯಾಗ ಉಣ್ಣಾವರ ಕೋಣ್ಯಾಗ ಉಪ್ಪೆಲ್ಲಿದು? ಇದ್ದದ್ದು ಡಿಪೋದ ಹುಲ್ಲು ಸುಡೂ ಔಷಧ. ಅತ್ತಿಸೊಸಿ ವ್ರತ ಹಿಡದಿದ್ದಕ್ಕ ಅದು ಅಂವನೊಬ್ಬನ ಹೊಟ್ಟಿಗೆ ಹೋತು. ಉಪ್ಪಿನಷ್ಟು ರುಚಿ ಇರಲಿಲ್ಲಂತ ಪಾಪ, ಮತ್ತಷ್ಟು ಹಾಕ್ಕೊಂಡ."

ಫೌಜದಾರರು ಕೋಣೆ ಜಡತಿ ಮಾಡಿಸಿದರು. ಮಂಚದಡಿಯಿಂದ ಬಂದ ಡಬ್ಬಿಯಲ್ಲಿ ಬಿಳಿ ಹರಳುಗಳಿದ್ದವು. ಡಾಕ್ಟರು ಒಂದು ಚಿಟಿಕೆಯನ್ನು ಸಕ್ಕರೆಯೊಂದಿಗೆ ಬೆರೆಸಿ ಕಡ್ಡಿ ಗೀರಿದರು. ಅದು ಭುಗಿಲೆಂದು ಉರಿಯಿತು. ಉಪ್ಪು ಹಾಗೆ ಉರಿಯುವುದಿಲ್ಲ.

ಅಡಿವೆಯ್ಯ ಕೈ ಜೋಡಿಸಿದ. "ಸಾಯಲಿ ಅಂತ ಕೊಡಲಿಲ್ರಿ. ಹೊಟ್ಟಿ ಕೆಟ್ಟು ಕೋರ್ಟಿನ ದಿನ ತಪ್ಪಲಿ ಅಂತ..."

"ಸಾಯಾಕ ಬಿದ್ದಾವನ್ನ ನೋಡಿನೂ ಬಾಯಿ ಬಿಡಲಿಲ್ಲಲ್ಲ ನೀ," ಎಂದಳು ಗೋದುಬಾಯಿ. "ಏನು ಕೊಟ್ಟೀದಿ ಅಂತ ಅವತ್ತ ಹೇಳಿದ್ರ ಉಳಿಸಾಕ ಹೊಡದಾಡತಿದ್ವಿ. ಅದೂ ಸಾಲದಂತ ಇಕಿ ಕೊರಳಿಗೆ ಹಗ್ಗ ಹಾಕಾಕ ನಿಂತಿ."

ಪೊಲೀಸರು ಶಂಕ್ರವ್ವನನ್ನು ಬಿಟ್ಟು ಅವನನ್ನು ಹಿಡಿದರು. ಲಗಮಪ್ಪ ಅವಳ ಮುಂದೆ ಬಂದು ನೆಲ ನೋಡುತ್ತ ನಿಂತ.

"ತಪ್ಪಾತು ವೈನಿ. ಮನಿಗೆ ನಡೀರಿ."

ಶಂಕ್ರವ್ವ ಅವನನ್ನೂ, ಅಂದು ಉಗುಳಿದ ಹೆಂಗಸರನ್ನೂ ಒಬ್ಬೊಬ್ಬರಾಗಿ ನೋಡಿದಳು. ಒಬ್ಬರಿಗೂ ಕಣ್ಣು ಕೂಡಿಸಲಾಗಲಿಲ್ಲ. ಆಮೇಲೆ ಅವಳು ಅಡಿವೆಯ್ಯನೆದುರು ಹೋಗಿ ನಿಂತಳು.

"ದಿಮ್ಮಿ ಉರುಳಿದ ದಿನ ಬುತ್ತಿ ಕೊಡಾಕ ನಾನೂ ಬಂದಿದ್ದೆ. ಆಳು ಇಳೀವಲ್ಲೆ ಅಂದ್ರೂ ನೀ ಬೈದು ಇಳಿಸಿದ್ದು ಕಂಡೇನಿ. 'ನೀ ಹೆಣ್ಣಮಗಳು, ಸುಮ್ನಿರು, ನಾ ಹೇಳ್ತೇನಿ' ಅಂದಿದ್ರು ನಮ್ಮವರು. ಅವರನ್ನ ಕೊಂದಿ. ಈಗ ನಾ ಹೇಳ್ತೇನಿ."

ಅವಳು ಸೆರಗು ಬಿಗಿದು ಫೌಜದಾರರ ಕಡೆ ತಿರುಗಿ, ಹಳಿಯಾಳದ ಕೋರ್ಟು ಯಾವ ದಿನ ಎಂದು ಕೇಳಿದಳು.