ಕರೆಯಬಾರದ ಹೆಸರು

ದೋಣಿ ಹತ್ತಿದವನನ್ನು ಕಂಡು ಕೊರಲಿಯ ಕೈ ಚುಕ್ಕಾಣಿಯ ಮೇಲೇ ನಿಂತುಹೋಯಿತು.

ಅದೇ ಉದ್ದ ಕಾಲು, ಅದೇ ಮಾಸಿದ ಟೋಪಿ. ಎರಡು ವರ್ಷದಲ್ಲಿ ಒಂದು ಫೋನೂ ಮಾಡದವನು...

"ಬಾರೋ ಕೊಕ್ಕರೆಕಾಲ," ಡಾಟ್ ಚಿಕ್ಕಮ್ಮ ಸರಿದು ಕೂತಳು. "ಮೊಸಳೆ ನಿನ್ನ ತಿಂದಿರ್ಬೇಕು ಅಂದ್ಕೊಂಡಿದ್ದೆ."

"ಈ ಕಾಲಲ್ಲಿ ಮಾಂಸ ಎಲ್ಲಿದೆ ಚಿಕ್ಕಮ್ಮ? ಮೂಸಿ ನೋಡಿ ಬಿಟ್ಬಿಡ್ತು."

ಅವನನ್ನು ಯಾರೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. ತೀರಿಕೊಂಡ ಕೊರಲಿಯ ಅಣ್ಣನದೂ ಅದೇ ಹೆಸರು. ಸತ್ತವರ ಹೆಸರು ನಾಲಿಗೆಗೆ ಬಂದರೆ, ಹೊರಟ ಜೀವ ದಾರಿಯಲ್ಲೇ ಹಿಂದಿರುಗಿ ನೋಡುತ್ತದೆ. ಡಾರ್ವಿನ್‌ನಿಂದ ಬರುವ ಪ್ರವಾಸಿಗರಿಗೆ ಅಣ್ಣ ತೋರಿಸುತ್ತಿದ್ದ ಚಿತ್ರದ ಬಂಡೆಯೂ ಅಂದಿನಿಂದ ಮುಚ್ಚಿತ್ತು. ಇವತ್ತು ಹೊಗೆ ಹಾಕಿ ಬಂಡೆಯ ಮೇಲಿನ, ಹೆಸರಿನ ಮೇಲಿನ ನಿಷೇಧ ತೆಗೆಯುವ ದಿನ.

ನಾಳೆಯಿಂದ ಅಣ್ಣನ ಜಾಗದಲ್ಲಿ ತಾನೇ ರೇಂಜರ್ ಆಗಿ ನಿಲ್ಲುವುದೆಂದು ಕೊರಲಿ ಎಂದೋ ಗಟ್ಟಿಮಾಡಿದ್ದಳು. ಈಗ ಇನ್ನೊಂದನ್ನೂ ಗಟ್ಟಿಮಾಡಿದಳು: ಕಾರಣ ಹೇಳದೆ ಇವನು ಆಚೆ ದಡ ಕಾಣುವುದಿಲ್ಲ.

ನೈದಿಲೆಗಳ ನಡುವೆ ಇಂಜಿನ್ ಆರಿಸಿದಳು. ಹೆಬ್ಬಾತುಗಳ ಹಿಂಡು ಗದ್ದಲವೆಬ್ಬಿಸಿ ಎದ್ದುಹೋಯಿತು.

"ಅಣ್ಣ ಮಣ್ಣಾದ ವಾರಕ್ಕೇ ಯಾಕೆ ಹೋದೆ?"

"ನನ್ನ ಕಂಡಾಗಲೆಲ್ಲ ನಿಮ್ಮಮ್ಮ ಮುಖ ಮುಚ್ಕೋತಿದ್ರು."

"ಫೋನ್ ಮಾಡೋಕೇನಾಗಿತ್ತು?"

ಅವನು ನೀರನ್ನೇ ನೋಡಿದ. "ಮಾಡಿದ್ರೆ ನಿನ್ನ ಫೋನಿನ ಮೇಲೆ ಏನು ಬರ್ತಿತ್ತು, ಕೊರಲಿ?"

ಅಣ್ಣನ ಹೆಸರು... ಊಟದ ಮೇಜಿನ ಮೇಲಿನ ಫೋನಿನಲ್ಲಿ, ಅಮ್ಮನ ಕಣ್ಣೆದುರಿಗೆ ಹೊಳೆಯುತ್ತಿತ್ತು.

"ದಿನಾ ನಿನ್ನ ನಂಬರಿನ ಮೇಲೆ ಬೆರಳಿಟ್ಟು ತೆಗೀತಿದ್ದೆ."

"ನೀನು ಕಲ್ಲೆದೆಯವನು ಅಂದ್ಕೊಂಡಿದ್ದೆ..."

"ಜಗಳ ಆಡೋಕೆ ಮೊಸಳೆ ಮಡುವೇ ಬೇಕಿತ್ತಾ?" ಚಿಕ್ಕಮ್ಮ ಗದರಿದಳು. "ನಡೆಸೇ."

ಬಂಡೆಯ ಬಳಿ ಅಮ್ಮ ಹಸಿ ಎಲೆಯ ಹೊಗೆಯನ್ನು ಒಬ್ಬೊಬ್ಬರ ಮೈಗೂ ಸವರಿದಳು. ಮೇಲೆ ತಾತ ಬರೆದ ಮೀನು, ಒಳಗಿನ ಮುಳ್ಳೆಲ್ಲ ಕಾಣುವ ಹಾಗೆ, ಹೊಗೆಯಲ್ಲಿ ಈಜಿದಂತಿತ್ತು.

"ಹೋದವನಿಗೆ ದಾರಿ ಬಿಟ್ಟಾಯ್ತು," ಎಂದಳು ಅಮ್ಮ. "ಹೆಸರು ಮೊದಲು ನಮ್ಮ ಮನೆಯವರ ಬಾಯಲ್ಲೇ ಬರ್ಬೇಕು."

ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವನು ಟೋಪಿ ಎತ್ತಿಕೊಂಡು ಸದ್ದಿಲ್ಲದೆ ದಡದತ್ತ ಹೊರಟ.

ಕೊರಲಿ ಎರಡು ಹೆಜ್ಜೆ ಮುಂದಿಟ್ಟಳು. ಕರೆದರೆ ಅಣ್ಣ ನಿಜವಾಗಿಯೂ ಹೋಗಿಬಿಟ್ಟನೆಂದು ಒಪ್ಪಿದಂತೆ. ಕರೆಯದಿದ್ದರೆ ಇವನು...

"ನೆವಿಲ್!"

ಅಮ್ಮನ ಕೆನ್ನೆಯ ಮೇಲೆ ನೀರಿಳಿಯಿತು. ಮುಖ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಅವನು ನಿಂತ. ತಿರುಗಲಿಲ್ಲ. "ಇನ್ನೊಂದ್ಸಲ ಕರಿ."

"ನೆವಿಲ್... ಹೋಗ್ಬೇಡ."

"ಎಲ್ಲಿಗೆ ಹೋಗ್ಲಿ? ದೋಣಿ ನಡೆಸೋಳು ನೀನು."