ಬಾಯಿ ಬಿಡದ ಸಾಕ್ಷಿ

ಹೆಣ್ಣು ನೋಡಲು ಬಂದವನು ಹೆಣ್ಣಿನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ... ಅವಳನ್ನು ಕಂಬಳಿಯಲ್ಲಿ ಸುತ್ತಿ ನೆಲಕ್ಕೆ ಕೆಡವಿದ್ದ!

"ಅಯ್ಯೋ... ಉರೀತಿದೆ!" ಮನೋರಮಾ ಚೀರಿದಳು.

"ಏಳಬೇಡಿ! ಉರುಳಿ, ಉರುಳಿ!"

ಬೆಂಕಿ ಆರಿತು. ಸುಬ್ಬಣ್ಣ ಕಂಬಳಿ ಕಿತ್ತೆಸೆದು ಅವಳ ಎಡಗೈ ಮೇಲೆ ತಣ್ಣೀರು ಸುರಿಯತೊಡಗಿದ.

"ಬೊಕ್ಕೆ ಏಳುತ್ತೆ ಕಣೋ! ಶಾಯಿ ಹಚ್ಚು, ಇಲ್ಲಾ ಬೆಣ್ಣೆ ಹಚ್ಚು!" ಅವನ ಅಕ್ಕ ಕಾವೇರಮ್ಮ ಕೂಗಿದರು.

"ಏನೂ ಹಚ್ಚೋದು ಬೇಡ. ಆಸ್ಪತ್ರೆಗೆ ನಡೀರಿ!"

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಮನೋರಮಾ ಮಡಿಕೇರಿಯ ಅರ್ಚಕ ತಿಮ್ಮಪ್ಪಯ್ಯನವರ ಮಗಳು. ಸುಬ್ಬಣ್ಣ ಪಾಲಿಬೆಟ್ಟದಲ್ಲಿ ಮೇಷ್ಟ್ರು. ಅಂದು "ಕಾಫಿ ನಾನೇ ಮಾಡ್ತೀನಿ" ಎಂದು ಅಡಿಗೆಮನೆಗೆ ನುಗ್ಗಿದ ಕಾವೇರಮ್ಮ, ಉರಿಯುತ್ತಿದ್ದ ಸ್ಟವ್‌ಗೇ ಸೀಮೆಎಣ್ಣೆ ಸುರಿದಿದ್ದರು. ಭಗ್ಗೆಂದ ಜ್ವಾಲೆ ಪಕ್ಕದಲ್ಲಿದ್ದ ಮನೋರಮಾಳ ಸೆರಗಿಗೆ ಹತ್ತಿತ್ತು.

ಆದರೆ ಪೊಲೀಸರ ಮುಂದೆ ಕಾವೇರಮ್ಮ ಹೇಳಿದ್ದೇ ಬೇರೆ. "ಹುಡುಗೀನೇ ಎಣ್ಣೆ ಸುರಿದಳು."

ಊರು ಅದಕ್ಕೆ ಬಾಲ ಕಟ್ಟಿತು. ಹುಡುಗಿಗೆ ಗಂಡು ಒಪ್ಪಿಗೆ ಇರಲಿಲ್ಲವಂತೆ... ಬೇಕಂತಲೇ ಹಚ್ಕೊಂಡಳಂತೆ!

'ಕಂಡವರು ಯಾರೂ ಇಲ್ಲ. ನನ್ನ ಮಾತು ನಂಬೋರು ಯಾರು?' ಮನೋರಮಾ ದಿಂಬಿಗೆ ಮುಖ ಒತ್ತಿ ಅತ್ತಳು.

ಪೆನಿಸಿಲಿನ್ ಚುಚ್ಚುಮದ್ದು, ಜೀವ ಹಿಂಡುವ ಡ್ರೆಸ್ಸಿಂಗ್... ವಾರಗಳು ಉರುಳಿದವು. ಸುಬ್ಬಣ್ಣ ರಜಾ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಬರುತ್ತಿದ್ದ.

"ಗಾಯ ಮಾಯುವಾಗ ಚರ್ಮ ಸೆಳ್ಕೊಳ್ಳುತ್ತೆ," ಡಾಕ್ಟರ್ ಪೊನ್ನಪ್ಪ ಎಚ್ಚರಿಸಿದರು. "ದಿನಾ ಚಾಚದಿದ್ರೆ ಮೊಣಕೈ ಮಡಚಿದ ಹಾಗೇ ನಿಂತುಬಿಡುತ್ತೆ."

ಅವನು ಅವಳ ಬೆರಳು ಹಿಡಿದು ಮೆಲ್ಲಗೆ ಚಾಚಿಸುತ್ತಿದ್ದ. ಅವಳು ಅಳುತ್ತಲೇ ನಗುತ್ತಿದ್ದಳು. ಈ ಸುಟ್ಟ ಕೈಯನ್ನೂ ಒಬ್ಬರು ಹೀಗೆ ಹಿಡಿಯಬಲ್ಲರೇ! ಅವಳ ಎದೆ ತುಂಬಿ ಬರುತ್ತಿತ್ತು.

ಒಂದು ದಿನ ಅವಳ ಕಣ್ಣೀರು ನೋಡಲಾರದೆ ಅವನ ಬಾಯಿಂದ ಮಾತು ಜಾರಿತು. "ಅಕ್ಕ ಬಾಟ್ಲಿ ಬಗ್ಗಿಸಿದಾಗಲೇ ನಾನು ಕೂಗಬೇಕಿತ್ತು..."

ಮನೋರಮಾ ಕೈ ಎಳೆದುಕೊಂಡಳು.

"ನೀವು... ನೋಡಿದ್ರಾ?"

ಸುಬ್ಬಣ್ಣ ತಲೆ ತಗ್ಗಿಸಿದ. "ನಿಮ್ಮನ್ನು ನೋಡೋ ಆಸೆಗೆ ಬಾಗಿಲ ಹತ್ರ ಬಂದಿದ್ದೆ. ಅಮ್ಮ ಸತ್ತ ಮೇಲೆ ಸಾಕಿದೋಳು ಅಕ್ಕ... ಜೈಲಿಗೆ ಹಾಕ್ತಾರೆ ಅಂತ ಹೆದರಿದೆ."

"ಊರೆಲ್ಲ ನನ್ನನ್ನ ಬಾಯಿಗೆ ಬಂದ ಹಾಗೆ ಅಂದಾಗ?"

ಅವನು ಮತ್ತೆ ಅವಳ ಕೈ ಹಿಡಿಯಲು ಬಂದ. ಅವಳು ತಳ್ಳಿದಳು.

"ಬೆಂಕಿ ನನ್ನ ಕೈ ಸುಟ್ಟಿತು ಅಷ್ಟೇ. ನೀವು ನನ್ನನ್ನೇ ಸುಟ್ರಿ! ಹೋಗಿ ಇಲ್ಲಿಂದ!"

ಮನೆಗೆ ಬಂದ ಮೇಲೂ ಅವಳು ಕೈ ಚಾಚಲಿಲ್ಲ. ಹಿಂದೆ ಅವನು ಹಿಡಿದಿದ್ದ ಬೆರಳುಗಳನ್ನು ಕಂಡರೇ ಮೈ ಉರಿಯುತ್ತಿತ್ತು. ಮೊಣಕೈ ನಿಧಾನವಾಗಿ ಬಿಗಿಯತೊಡಗಿತು.

ಒಂದು ಸೋಮವಾರ ಮಂಗಳಾರತಿ ಮುಗಿಯುವ ಹೊತ್ತು. ದೇವಸ್ಥಾನಕ್ಕೆ ಅಂಟಿಕೊಂಡ ಮನೆಯ ಕಿಟಕಿಯಿಂದ ಆ ಪರಿಚಿತ ದನಿ ಕೇಳಿಸಿತು.

"ಎಲ್ರೂ ಒಂದು ನಿಮಿಷ ನಿಲ್ಲಿ! ಆವತ್ತು ಎಣ್ಣೆ ಸುರಿದದ್ದು ನನ್ನ ಅಕ್ಕ. ನಾನು ಕಣ್ಣಾರೆ ಕಂಡೆ. ಕಂಡೂ ಬಾಯಿ ಮುಚ್ಕೊಂಡಿದ್ದೆ. ಈಗ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದೆ."

ಅವನ ಪಕ್ಕದಲ್ಲಿದ್ದ ಕಾವೇರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಹೌದು... ಹೆದರಿ ಸುಳ್ಳು ಹೇಳಿದೆ," ಎಂದು ಬಿಕ್ಕಿದರು. ತಿಮ್ಮಪ್ಪಯ್ಯನವರು ಆರತಿ ತಟ್ಟೆ ಕೆಳಗಿಟ್ಟು ಮಗಳ ಕಿಟಕಿಯತ್ತ ನೋಡಿದರು.

ಮನೋರಮಾ ಬಿಗಿದ ಕೈಯನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದಳು.

"ಇದೆಲ್ಲ ಕ್ಷಮೆ ಸಿಗಲಿ ಅಂತಲಾ?"

"ಅಲ್ಲ. ನೀವು ತಲೆ ಎತ್ತಿ ನಡೀಬೇಕು. ಕ್ಷಮಿಸದಿದ್ರೂ... ಕೈ ಮಾತ್ರ ಚಾಚಿ, ದಮ್ಮಯ್ಯ!"

ಅವಳ ಸಿಟ್ಟು ಹೋಗಿರಲಿಲ್ಲ. ಆದರೆ ತಿಂಗಳುಗಳ ನಂತರ ಉಸಿರು ಸರಾಗವಾಗಿತ್ತು.

"ಬೆಂಕಿಯಿಂದ ನನ್ನನ್ನ ಉಳಿಸೋದು ಎಲ್ರ ಕೈಲೂ ಆದೀತು, ಮೇಷ್ಟ್ರೇ. ನನ್ನ ಪರವಾಗಿ ಬಾಯಿ ಬಿಡೋರು ಬೇಕು ನಂಗೆ."

"ಇನ್ನು ಮುಚ್ಚೋದಿಲ್ಲ."

"ನೋಡ್ತೀನಿ..."

ಅವಳು ಜಗಲಿಯ ಮೇಲೆ ಕೂತು, ಮಡಚಿದ ಕೈಯನ್ನು ಅವನತ್ತ ನೀಡಿದಳು.

"ನೋವಾಗುತ್ತೆ, ಮನೋರಮಾ."

"ಗೊತ್ತು. ಹಿಡ್ಕೊಳ್ಳಿ!"